ದುಡಿಯ ಹಾಡಿಗೆ ಅಕ್ಷರ ಕೊಟ್ಟ ನಡಿಕೇರಿಯಂಡ ಚಿಣ್ಣಪ್ಪ

ಕೊಡವರ ಮದುವೆ ಮನೆಯಲ್ಲಿ ನಾಲ್ವರು ಗಂಡಸರು ಕೈಯಲ್ಲಿ ದುಡಿ ಹಿಡಿದು ಹಾಡಲು ತೊಡಗಿದರೆಂದರೆ ಅಂಗಳದ ಗದ್ದಲ ತಾನಾಗಿ ತಗ್ಗುತ್ತದೆ. ಇಬ್ಬರು ಒಂದು ಸಾಲು ಎತ್ತಿಕೊಳ್ಳುತ್ತಾರೆ, ಉಳಿದಿಬ್ಬರು ಅದನ್ನೇ ಮರಳಿಸುತ್ತಾರೆ. ಸಣ್ಣ ಕೋಲಿನ ಪೆಟ್ಟಿಗೆ ದುಡಿ ಮಿಡಿಯುತ್ತಿರುತ್ತದೆ. ಭೂಮಿ, ಸೂರ್ಯ, ಚಂದ್ರ, ದೇವರು, ನಾಡು, ಮನೆ ಎಲ್ಲವೂ ಬಾಳಲಿ ಎಂಬ ಹರಕೆಯಿಂದ ಹಾಡು ಆರಂಭವಾಗುತ್ತದೆ. ಆದ್ದರಿಂದಲೇ ಇದಕ್ಕೆ ಬಾಳೋ ಪಾಟ್ ಎಂಬ ಹೆಸರು. ಈ ಹಾಡುಗಳನ್ನು ಕಟ್ಟಿದವರು ಯಾರೆಂದು ಯಾರೂ ಹೇಳಲಾರರು. ಆದರೆ ಇವು ಪುಸ್ತಕದಲ್ಲಿ ಸಿಗುವಂತೆ ಮಾಡಿದವರು ಯಾರೆಂಬುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಅವರು ವಿಶ್ವವಿದ್ಯಾಲಯದ ಪಂಡಿತರಲ್ಲ, ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪ.

ಚಿಣ್ಣಪ್ಪನವರು ಹುಟ್ಟಿದ್ದು 1875ರಲ್ಲಿ, ವಿರಾಜಪೇಟೆ ಕಡೆಯ ಕರಡ ಗ್ರಾಮದ ನಡಿಕೇರಿಯಂಡ ಒಕ್ಕದಲ್ಲಿ. ಕೊಡವರಲ್ಲಿ ಒಕ್ಕದ ಹೆಸರೇ ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ನಾಡನ್ನು ವಶಪಡಿಸಿಕೊಂಡಿದ್ದು 1834ರಲ್ಲಿ. ಚಿಣ್ಣಪ್ಪನವರು ಹುಟ್ಟುವ ಹೊತ್ತಿಗೆ ಆ ಘಟನೆಗೆ ನಲವತ್ತು ವರ್ಷ ದಾಟಿತ್ತು. ಕಾಫಿ ತೋಟಗಳು ಕಾಡನ್ನು ಹಿಂದೆ ಸರಿಸುತ್ತಿದ್ದವು. ಮಡಿಕೇರಿಯಲ್ಲಿ ಶಾಲೆ, ಕಚೇರಿ, ಇಗರ್ಜಿ ಬಂದಿದ್ದವು. ಶಾಲೆಯಲ್ಲಿ ಕಲಿಯುವುದು ಕನ್ನಡ ಮತ್ತು ಇಂಗ್ಲಿಷ್. ಅರಸರ ಕಾಲದಿಂದಲೂ ಬರವಣಿಗೆಯ ಭಾಷೆ ಕನ್ನಡವೇ. ಕೊಡವ ತಕ್ಕ್ ಮಾತ್ರ ಮನೆಯಲ್ಲಿ, ಗದ್ದೆಯಲ್ಲಿ, ಮಂದ್‌ನಲ್ಲಿ ಉಳಿದ ಮಾತು. ಅದನ್ನು ಬರೆಯಬೇಕಾದ ಸಂದರ್ಭವೇ ಒದಗುತ್ತಿರಲಿಲ್ಲ.

ಅವರ ವೃತ್ತಿಜೀವನ ಒಂದೇ ಜಾಡಿನಲ್ಲಿ ಸಾಗಲಿಲ್ಲ. ಶಿಕ್ಷಕರಾಗಿದ್ದರು, ಪೊಲೀಸ್ ಅಧಿಕಾರಿಯಾಗಿದ್ದರು. ಇವೆಲ್ಲದರ ಜತೆಗೆ ಅವರು ಕವಿ, ಸ್ವತಃ ಹಾಡುಗಾರ. ಈ ಕೊನೆಯ ಮಾತನ್ನು ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಮುಖ್ಯವಾದುದು ಅದೇ. ಹಾಡಲು ಬಾರದವನು ಹಾಡನ್ನು ಕೇಳಿ ಬರೆದುಕೊಂಡರೆ ಶಬ್ದ ಸಿಗಬಹುದು, ಸಾಲು ಎಲ್ಲಿ ಮುರಿಯುತ್ತದೆ ಎಂಬುದು ಸಿಗುವುದಿಲ್ಲ. ದುಡಿಯ ಲಯ ಮೈಯಲ್ಲಿದ್ದವನಿಗೆ ಮಾತ್ರ ಅದು ತಿಳಿಯುತ್ತದೆ. ಪೊಲೀಸ್ ಕೆಲಸವೂ ಊರೂರು ಅಲೆಸುವ ಕೆಲಸ. ಐನ್‌ಮನೆಗಳ ಬಾಗಿಲು, ಹಿರಿಯರ ಪರಿಚಯ, ಹಬ್ಬ ಕಟ್ಟುಕಟ್ಟಳೆಗಳ ಸಮೀಪ ದರ್ಶನ, ಇವು ಅಂಥ ನೌಕರಿಯಲ್ಲಿರುವವರಿಗೆ ದಕ್ಕುವಷ್ಟು ಸುಲಭವಾಗಿ ಬೇರೆಯವರಿಗೆ ದಕ್ಕಲಾರವು.

ಕೊಡಗಿನ ಹಾಡುಗಳನ್ನು ಕಾಗದಕ್ಕೆ ಇಳಿಸಲು ಹೊರಟವರಲ್ಲಿ ಚಿಣ್ಣಪ್ಪನವರೇ ಮೊದಲಿಗರಲ್ಲ. 1867ರಲ್ಲಿ ಬ್ರಿಟಿಷ್ ಅಧಿಕಾರಿ ಕೋಲ್ ಕೊಡವ ಭಾಷೆಗೊಂದು ವ್ಯಾಕರಣ ಬರೆದರು. 1870ರ ಸುಮಾರಿಗೆ ಬಾಸೆಲ್ ಮಿಷನ್ನಿನ ಗ್ರೇಟರ್ ಕೆಲವು ಕೊಡವ ಹಾಡುಗಳನ್ನು ಪ್ರಕಟಿಸಿದರು. ಅದೇ 1870ರಲ್ಲಿ ರಿಕ್ಟರ್ ಅವರ ಕೊಡಗಿನ ಕೈಪಿಡಿ ಬಂತು. ಈ ಮಿಷನರಿಗಳ ಶ್ರಮ ದೊಡ್ಡದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರು ಬರೆದದ್ದು ಹೆಚ್ಚಾಗಿ ಹೊರಗಿನವರಿಗಾಗಿ. ನಾಡಿನವನೇ ಒಬ್ಬ ತನ್ನ ಜನರ ಹಾಡನ್ನು ತನ್ನ ಜನರೇ ಓದಲೆಂದು, ಅವರ ಮಾತಿನಲ್ಲೇ, ಇಷ್ಟು ವಿಸ್ತಾರವಾಗಿ ಒಟ್ಟುಗೂಡಿಸಿದ್ದು 1924ರಲ್ಲಿ. ಆ ಪುಸ್ತಕವೇ ಪಟ್ಟೋಲೆ ಪಳಮೆ. ಯಾವುದೇ ಭಾರತೀಯ ಸಮುದಾಯದ ಜಾನಪದವನ್ನು ಭಾರತೀಯ ಭಾಷೆಯಲ್ಲೇ ವಿಸ್ತಾರವಾಗಿ ಸಂಗ್ರಹಿಸಿದ ಅತಿ ಮೊದಲಿನ ಪುಸ್ತಕಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆ.

ಪುಸ್ತಕದ ಸುಮಾರು ಮೂರನೇ ಎರಡು ಭಾಗ ಹಾಡುಗಳೇ. ಮದುವೆಯ ಹಾಡು ಇದೆ, ಸಾವಿನ ಹಾಡು ಇದೆ. ಹೊಸ ಭತ್ತದ ಕದಿರು ಮನೆಗೆ ತರುವ ಪುತ್ತರಿಯ ಹಾಡು ಇದೆ. ಮಲೆಯಾಳದ ಕಡೆಯಿಂದ ಬಂದು ಕೊಡಗಿನಲ್ಲಿ ನೆಲೆ ನಿಂತ ಇಗ್ಗುತಪ್ಪ ಮತ್ತು ಒಡಹುಟ್ಟಿದ ದೇವರುಗಳ ಕಥೆ ಇದೆ, ನಾಡಿಗಾಗಿ ಕಾದಾಡಿದ ವೀರರ ಕಥೆಗಳಿವೆ. ಉಳಿದ ಭಾಗದಲ್ಲಿ ಹುಟ್ಟು, ಮದುವೆ, ಸಾವುಗಳ ಕಟ್ಟಳೆ, ಹಬ್ಬಗಳು, ಗಾದೆಗಳು ಸೇರಿವೆ. ಹಾಡನ್ನು ಕಟ್ಟಳೆಯಿಂದ ಬೇರ್ಪಡಿಸದೆ ಒಂದೇ ಪುಸ್ತಕದಲ್ಲಿ ಇಟ್ಟದ್ದು ಅವರ ವಿವೇಕ. ಸಾವಿನ ಹಾಡು ಬರೀ ಹಾಡಲ್ಲ. ಅದನ್ನು ಯಾವ ಹೊತ್ತಿನಲ್ಲಿ, ಯಾರ ಮುಂದೆ, ಏನು ನಡೆಯುತ್ತಿರುವಾಗ ಹಾಡುತ್ತಾರೆ ಎಂಬುದು ತಿಳಿಯದಿದ್ದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಹಾಗೆಯೇ ಹನ್ನೆರಡು ಕೊಂಬು, ಮೂವತ್ತೈದು ನಾಡು ಎಂದು ಹಾಡುಗಾರ ಕೊಡಗನ್ನು ಹೊಗಳಿದಾಗ ಅದು ಅಲಂಕಾರದ ಮಾತಲ್ಲ, ಹಳೆಯ ನಾಡ ವ್ಯವಸ್ಥೆಯ ನೆನಪು. ಕಂದಾಯದ ಕಡತಗಳಲ್ಲಿ ಅದು ಬೇರೆ ರೂಪ ತಳೆದ ಮೇಲೂ ಹಾಡಿನಲ್ಲಿ ಹಳೆಯ ಲೆಕ್ಕವೇ ನಡೆಯಿತು.

ಬರೆಯುವ ಕೆಲಸ ಅಷ್ಟು ಸಲೀಸಾಗಿರಲಿಲ್ಲ. ಚಿಣ್ಣಪ್ಪನವರು ಆಯ್ದುಕೊಂಡದ್ದು ಕನ್ನಡ ಲಿಪಿ. ಓದು ಬಲ್ಲ ಕೊಡವರೆಲ್ಲರಿಗೂ ಅದು ಪರಿಚಿತವಾದ್ದರಿಂದ ಆ ಆಯ್ಕೆ ಸಹಜ. ತೊಡಕು ಇದ್ದದ್ದು ಉಚ್ಚಾರದಲ್ಲಿ. ಕೊಡವ ತಕ್ಕ್‌ನಲ್ಲಿ ಕನ್ನಡಕ್ಕಿಲ್ಲದ ಸ್ವರಗಳಿವೆ. ನಾಲಗೆಯನ್ನು ಬಾಯಿಯ ನಡುವೆ ಇರಿಸಿ ಹೊರಡಿಸುವ ಆ ಸ್ವರಗಳು ಕನ್ನಡದ ಇ, ಎ, ಉ, ಒ ಯಾವುದರೊಳಗೂ ಸರಿಯಾಗಿ ಕೂರುವುದಿಲ್ಲ. ಭಾಷಾವಿಜ್ಞಾನಿ ಎಮೆನೊ 1970ರಲ್ಲಿ ಕೊಡವ ಸ್ವರಗಳ ಬಗ್ಗೆಯೇ ಒಂದು ಪ್ರಬಂಧ ಬರೆದರೆಂದರೆ ವಿಷಯ ಎಷ್ಟು ಸೂಕ್ಷ್ಮವೆಂದು ಊಹಿಸಬಹುದು. ಆ ಬಗೆಯ ವಿವೇಚನೆ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಚಿಣ್ಣಪ್ಪನವರು ಇದ್ದ ಅಕ್ಷರಗಳಲ್ಲೇ ಕೆಲಸ ಸಾಗಿಸಿದರು. ಮಾತು ಬಲ್ಲವನು ಓದಿದರೆ ಉಚ್ಚಾರ ತಾನೇ ಸರಿಹೋಗುತ್ತದೆ. ಬಾರದವನಿಗೆ ಪುಸ್ತಕ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಇನ್ನು ರಾಗದ ಮಾತು. ಎಡಿಸನ್ ಫೋನೋಗ್ರಾಫ್ ರೂಪಿಸಿದ್ದು 1877ರಲ್ಲಿ, ಆಗ ಚಿಣ್ಣಪ್ಪನವರು ಎರಡು ವರ್ಷದ ಕೂಸು. 1902ರಲ್ಲಿ ಗ್ರಾಮಫೋನ್ ಕಂಪನಿ ಕಲ್ಕತ್ತದಲ್ಲಿ ಗೌಹರ್ ಜಾನ್ ಅವರ ಧ್ವನಿ ಮುದ್ರಿಸಿಕೊಂಡಿತು. ಯೂರೋಪಿನಲ್ಲಿ ಜನಪದ ಗೀತೆ ಹುಡುಕಿ ಹೊರಟವರು ಯಂತ್ರವನ್ನು ಹೊತ್ತೊಯ್ಯಲು ಆರಂಭಿಸಿದ್ದರು. ಅವರಲ್ಲಿ ಒಬ್ಬರ ಕಥೆ ಚಿಣ್ಣಪ್ಪನವರ ಕಥೆಗೆ ಬಹಳ ಹತ್ತಿರ. ಸ್ವೀಡನ್ನಿನಲ್ಲಿ ಕಾರ್ಲ್ ತಿರೇನ್ ಎಂಬ ರೈಲ್ವೆ ನೌಕರರಿದ್ದರು. ದೇಶದ ಉತ್ತರದ ಹಿಮನಾಡಿನಲ್ಲಿ ಹಿಮಸಾರಂಗ ಮೇಯಿಸುವ ಸಾಮಿ ಜನರ ಯೋಯ್ಕ್ ಎಂಬ ಹಾಡುಗಾರಿಕೆಗೆ ಮನಸೋತ ಅವರು 1913ರಿಂದ 1915ರವರೆಗೆ ಫೋನೋಗ್ರಾಫ್ ಹೊತ್ತು ಅಲೆದು ಮೇಣದ ಸುರುಳಿಗಳ ಮೇಲೆ ಆ ದನಿಗಳನ್ನು ಹಿಡಿದರು. ಒಬ್ಬರು ರೈಲ್ವೆಯವರು, ಇನ್ನೊಬ್ಬರು ಪೊಲೀಸಿನವರು. ಇಬ್ಬರಿಗೂ ಹಾಡು ಹೊಟ್ಟೆಪಾಡಿನ ಕೆಲಸವಲ್ಲ. ಇಬ್ಬರೂ ಕೈಹಾಕಿದ್ದು ದೊಡ್ಡ ಭಾಷೆಗಳ ನೆರಳಿನಲ್ಲಿದ್ದ ಸಣ್ಣ ಜನಸಮುದಾಯದ ಹಾಡಿಗೆ. ವ್ಯತ್ಯಾಸ ಒಂದೇ. ತಿರೇನ್ ಅವರ ಬಳಿ ಯಂತ್ರವಿತ್ತು, ಪಟ್ಟೋಲೆ ಪಳಮೆ ಲೇಖನಿಯಿಂದ ಹುಟ್ಟಿದ ಪುಸ್ತಕ.

ಆ ಒಂದು ವ್ಯತ್ಯಾಸದ ಫಲ ಬಹಳ ದೂರ ಹೋಯಿತು. ತಿರೇನ್ ಅವರ ಮೇಣದ ಸುರುಳಿಗಳು ಸ್ಟಾಕ್‌ಹೋಮಿನ ಜನಪದ ಸಂಗೀತ ಭಂಡಾರಕ್ಕೆ ಸೇರಿದವು. ಅದೇ ನಗರದಲ್ಲಿ 1959ರಲ್ಲಿ ಬ್ಲೂಮ್‌ಡಾಲ್ ಅವರ ಆನಿಯಾರಾ ಎಂಬ ಸಂಗೀತ ನಾಟಕ ಎಲೆಕ್ಟ್ರಾನಿಕ್ ಧ್ವನಿಗಳನ್ನು ರಾಷ್ಟ್ರೀಯ ರಂಗಮಂದಿರದೊಳಕ್ಕೆ ತಂದಿತು. 1964ರಲ್ಲಿ ಎಲೆಕ್ಟ್ರಾನಿಕ್ ಸಂಗೀತಕ್ಕೆಂದೇ ಒಂದು ಸ್ಟುಡಿಯೋ ಹುಟ್ಟಿತು. ಇಂದು ಆ ದೇಶದ ಸೋಫಿಯಾ ಯಾನೊಕ್ ಅವರಂಥ ಸಾಮಿ ಗಾಯಕಿಯರು ಯೋಯ್ಕ್ ಅನ್ನು ಎಲೆಕ್ಟ್ರಾನಿಕ್ ಸಂಗೀತದೊಡನೆ ಬೆಸೆದು ಹಾಡುತ್ತಾರೆ. ಅಲ್ಲಿಯ ಹೊಸ ತಲೆಮಾರು ಶತಮಾನದ ಹಿಂದಿನ ಹಾಡುಗಾರನ ಕಂಠವನ್ನೇ ಕೇಳಬಹುದು. ಪಟ್ಟೋಲೆ ಪಳಮೆ ತೆರೆದವನಿಗೆ ಹಾಡಿನ ಮಾತು ಪೂರ್ತಿ ಸಿಗುತ್ತದೆ, ಚಿಣ್ಣಪ್ಪನವರ ಕಿವಿಗೆ ಬಿದ್ದ ಆ ಕಂಠ ಸಿಗುವುದಿಲ್ಲ. ಇದನ್ನು ಅವರ ಕೊರತೆಯೆಂದು ಎಣಿಸುವುದು ಅನ್ಯಾಯ. 1924ರ ಕೊಡಗಿನಲ್ಲಿ ರಾಗ ಕಳೆದುಹೋದೀತೆಂದು ಯಾರಿಗೂ ಅನ್ನಿಸಿರಲಾರದು. ಪ್ರತಿ ನಾಡಿನಲ್ಲೂ ಹಾಡುವವರಿದ್ದರು. ಮರೆತುಹೋಗುವ ಭಯ ಇದ್ದದ್ದು ಗಂಟೆಗಟ್ಟಲೆ ಸಾಗುವ ಮಾತುಗಳ ಬಗ್ಗೆ.

ಅಚ್ಚಾದ ಹಾಡಿಗೆ ಇನ್ನೊಂದು ಗತಿಯೂ ಇದೆ. ಬಾಯಿಂದ ಬಾಯಿಗೆ ಬರುವ ಹಾಡು ಊರಿಗೊಂದು ರೂಪ ತಾಳುತ್ತದೆ. ಹಾಡುಗಾರ ಮನೆಯ ಯಜಮಾನನ ಹೆಸರು ಸೇರಿಸುತ್ತಾನೆ, ಮದುಮಗನ ಒಕ್ಕವನ್ನು ಹೊಗಳುತ್ತಾನೆ, ಹೊತ್ತು ನೋಡಿಕೊಂಡು ಹಿಗ್ಗಿಸುತ್ತಾನೆ ಅಥವಾ ಕುಗ್ಗಿಸುತ್ತಾನೆ. ಪುಸ್ತಕದಲ್ಲಿ ಬಂದದ್ದು ಅಂಥ ಹಲವು ರೂಪಗಳಲ್ಲಿ ಒಂದು. ಕ್ರಮೇಣ ಅಚ್ಚಿನ ರೂಪವೇ ಸರಿಯಾದ ರೂಪವೆಂಬ ಭಾವನೆ ಬೆಳೆಯುವುದು ಎಲ್ಲ ಕಡೆಯ ಅನುಭವ. ಹೀಗಿದ್ದರೂ ಪುಸ್ತಕವೇ ಇಲ್ಲದೆ ಹೋಗಿದ್ದರೆ ಇಂದು ಹೋಲಿಸಿ ನೋಡಲು ಏನೂ ಉಳಿಯುತ್ತಿರಲಿಲ್ಲ.

ಚಿಣ್ಣಪ್ಪನವರು ಸಂಗ್ರಾಹಕರಾಗಿಯೇ ನಿಲ್ಲಲಿಲ್ಲ. ಕಾವೇರಿಯನ್ನು ಸ್ತುತಿಸುವ ಶ್ರೀ ಮೂಲ ಕನ್ನಿಯೇ ಎಂಬ ಗೀತೆ ಅವರ ಹೆಸರಿನೊಡನೆ ಬೆಸೆದುಕೊಂಡಿದೆ. ಭಗವದ್ಗೀತೆಯನ್ನು ಕೊಡವ ಭಾಷೆಗೆ ತಂದು ಭಗವಂತಂಡ ಪಾಟ್ ಎಂದು ಹೆಸರಿಟ್ಟರು. ಗೀತೆ ಎಂಬ ಶಬ್ದಕ್ಕೆ ಪಾಟ್ ಎಂಬುದು ನೇರವಾದ ಅನುವಾದ. ದೇವರ ಉಪದೇಶವೂ ಕೊಡಗಿಗೆ ಬರುವಾಗ ಪಾಟ್ ಆಗಿಯೇ ಬಂತೆಂಬುದು ಹಾಡುಗಾರನಿಗೆ ಒಪ್ಪುವ ಮಾತು. ಅವರಿಗಿಂತ ಏಳು ವರ್ಷ ಹಿರಿಯರಾದ ಅಪ್ಪನೆರವಂಡ ಹರದಾಸ ಅಪ್ಪಚ್ಚಕವಿಗಳು ಯಯಾತಿ ಮುಂತಾದ ನಾಟಕಗಳನ್ನು ಕೊಡವ ಭಾಷೆಯಲ್ಲಿ ಬರೆಯುತ್ತಿದ್ದುದೂ ಇದೇ ಕಾಲದಲ್ಲಿ. ಒಬ್ಬರು ಹೊಸದನ್ನು ಕಟ್ಟಿದರು, ಇನ್ನೊಬ್ಬರು ಹಳೆಯದನ್ನು ಕಾದಿಟ್ಟರು. ಬರವಣಿಗೆಯೇ ಇಲ್ಲದ ಭಾಷೆಯೆಂಬ ಮಾತನ್ನು ಇವರಿಬ್ಬರೂ ಸೇರಿ ಎರಡು ದಶಕಗಳೊಳಗೆ ಸುಳ್ಳು ಮಾಡಿದರು.

1931ರಲ್ಲಿ ಚಿಣ್ಣಪ್ಪನವರು ತೀರಿಕೊಂಡಾಗ ಅವರಿಗೆ ಐವತ್ತಾರು ವರ್ಷ. ತಮ್ಮ ಪುಸ್ತಕದ ಮುಂದಿನ ಪಯಣವನ್ನು ಅವರು ಕಾಣಲಿಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಭಾರತೀಯ ಸಮಾಜಶಾಸ್ತ್ರದ ಹೆಗ್ಗುರುತುಗಳಲ್ಲಿ ಒಂದು. ಸಂಸ್ಕೃತೀಕರಣ ಎಂಬ ಪರಿಕಲ್ಪನೆ ಜಗತ್ತಿಗೆ ಪರಿಚಯವಾದದ್ದು ಆ ಗ್ರಂಥದಿಂದ. ಶ್ರೀನಿವಾಸ್ ಅದರಲ್ಲಿ ಪಟ್ಟೋಲೆ ಪಳಮೆಯನ್ನು ಧಾರಾಳವಾಗಿ ಬಳಸಿಕೊಂಡಿದ್ದಾರೆ. ಆ ಗ್ರಂಥದ ಹೆಸರು ಬಲ್ಲ ಸಮಾಜಶಾಸ್ತ್ರ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಚಿಣ್ಣಪ್ಪನವರ ಹೆಸರು ಗೊತ್ತು ಎಂಬುದು ಬೇರೆ ಪ್ರಶ್ನೆ. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪುಸ್ತಕವನ್ನು ಮರುಮುದ್ರಿಸಿತು. 2003ರಲ್ಲಿ ಇಂಗ್ಲಿಷ್ ಅನುವಾದ ಬಂತು. ಅನುವಾದಕರಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳಿಬ್ಬರೂ ನಡಿಕೇರಿಯಂಡ ಚಿಣ್ಣಪ್ಪನವರ ಮೊಮ್ಮಕ್ಕಳು.

ಅನುವಾದ ಬೇಕಾಗಿದ್ದುದು ಹೊರಗಿನ ಓದುಗರಿಗೆ ಮಾತ್ರವಲ್ಲ. ಬೆಂಗಳೂರು, ಮುಂಬಯಿ, ವಿದೇಶಗಳಲ್ಲಿ ಬೆಳೆದ ಕೊಡವ ಮಕ್ಕಳಲ್ಲಿ ಅನೇಕರಿಗೆ ಹಳೆಯ ಹಾಡಿನ ಕೊಡವ ತಕ್ಕ್ ಅರ್ಥವಾಗುವುದಿಲ್ಲ. 2001ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 1.66 ಲಕ್ಷ, 2011ರಲ್ಲಿ ಸುಮಾರು 1.14 ಲಕ್ಷ. ಮದುವೆ ಮಂಟಪಗಳಲ್ಲಿ ವಾಲಗದ ಕುಣಿತಕ್ಕೆ ಈಗ ಧ್ವನಿವರ್ಧಕದ ಅಬ್ಬರ ಸೇರಿದೆ. ಕೀಬೋರ್ಡಿನ ತಾಳಕ್ಕೆ ಹೊಂದಿಸಿದ ಕೊಡವ ಹಾಡುಗಳೂ ಬಂದಿವೆ. ಇವುಗಳ ನಡುವೆ ಬಾಳೋ ಪಾಟ್ ಕಲಿಸುವ ತರಬೇತಿಗಳು, ಸ್ಪರ್ಧೆಗಳು ನಡೆಯುತ್ತಿವೆ. ಅಲ್ಲಿಗೆ ಬರುವ ಹುಡುಗರು ಮಾತನ್ನು ಚಿಣ್ಣಪ್ಪನವರ ಪುಸ್ತಕದಿಂದ ಬರೆದುಕೊಳ್ಳಬಹುದು. ರಾಗಕ್ಕೂ ದುಡಿಯ ಪೆಟ್ಟಿಗೂ ಅವರು ಹಾಡಬಲ್ಲ ಹಿರಿಯರ ಮುಂದೆಯೇ ಕೂರಬೇಕು.