ಕರೆನ್ ಯೆಪ್ಪೆ

ಕರೆನ್ ಯೆಪ್ಪೆ (ಜುಲೈ 1, 1876 – ಜುಲೈ 7, 1935) ಡೆನ್ಮಾರ್ಕ್ ದೇಶದ ಶಿಕ್ಷಕಿ ಹಾಗೂ ಸಮಾಜಸೇವಕಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಟೊಮನ್ ಸಾಮ್ರಾಜ್ಯದಲ್ಲಿ ನಡೆದ ಅರ್ಮೇನಿಯನ್ನರ ನರಮೇಧದಲ್ಲಿ ಅಪಹರಣ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಸ್ತ್ರೀಯರು ಹಾಗೂ ಮಕ್ಕಳ ಬಿಡುಗಡೆ, ಆರೈಕೆ ಮತ್ತು ಪುನರ್ವಸತಿಗಾಗಿ ಸಿರಿಯಾದ ಅಲೆಪ್ಪೊ ನಗರದಲ್ಲಿ ದುಡಿದರು.

ಆರಂಭಿಕ ಜೀವನ

ಯೆಪ್ಪೆ ಡೆನ್ಮಾರ್ಕಿನ ಗ್ಯುಲಿಂಗ್ ಗ್ರಾಮದಲ್ಲಿ ಜನಿಸಿದರು. ಇವರ ತಂದೆ ಶಾಲಾ ಶಿಕ್ಷಕರು. ಕೋಪನ್‌ಹೇಗನ್‌ನಲ್ಲಿ ವ್ಯಾಸಂಗ ಮಾಡಿ, ಸ್ವತಃ ಅಧ್ಯಾಪಕ ವೃತ್ತಿಯನ್ನು ಕೈಗೊಂಡರು. ಅರ್ಮೇನಿಯನ್ನರ ಸಂಕಷ್ಟವನ್ನು ಕುರಿತ ಉಪನ್ಯಾಸವೊಂದು ಇವರ ಬದುಕಿನ ದಿಕ್ಕನ್ನು ಬದಲಿಸಿತು. 1903ರಲ್ಲಿ ಇಂದಿನ ಟರ್ಕಿಯಲ್ಲಿರುವ ಉರ್ಫಾ ಪಟ್ಟಣಕ್ಕೆ ತೆರಳಿ, ಜರ್ಮನಿಯ ಯೊಹಾನೆಸ್ ಲೆಪ್ಸಿಯುಸ್ ಅವರ ಸಂಸ್ಥೆ ನಡೆಸುತ್ತಿದ್ದ ಅನಾಥಾಲಯದಲ್ಲಿ ಸೇವೆಗೆ ಸೇರಿದರು. ಮಿಸಾಕ್ ಎಂಬ ಅನಾಥ ಬಾಲಕನನ್ನು ದತ್ತು ಪಡೆದರು.

ಯುದ್ಧಕಾಲ

1915ರಲ್ಲಿ ಗಡೀಪಾರಾದ ಅರ್ಮೇನಿಯನ್ನರ ತಂಡಗಳು ಉರ್ಫಾ ಮಾರ್ಗವಾಗಿ ಮರುಭೂಮಿಯತ್ತ ಸಾಗಿದವು. ದಾರಿಯಲ್ಲಿ ಅಸಂಖ್ಯ ಸ್ತ್ರೀಯರು ಅಪಹರಣಕ್ಕೆ ಒಳಗಾದರು. ಅನೇಕರನ್ನು ಮಾರಲಾಯಿತು, ಬಲವಂತದ ವಿವಾಹಕ್ಕೆ ಗುರಿಪಡಿಸಲಾಯಿತು. ಯೆಪ್ಪೆ ತಮ್ಮ ಪ್ರಾಣವನ್ನು ಪಣಕ್ಕಿಟ್ಟು ನಿರಾಶ್ರಿತರನ್ನು ತಮ್ಮ ಮನೆಯಲ್ಲಿ ಬಚ್ಚಿಟ್ಟರು. ಆರೋಗ್ಯ ಕೆಟ್ಟುದರಿಂದ ಯುದ್ಧ ಮುಗಿಯುವ ಮೊದಲೇ ಸ್ವದೇಶಕ್ಕೆ ಮರಳಬೇಕಾಯಿತು.

ಅಲೆಪ್ಪೊದ ಆಶ್ರಯಗೃಹ

1921ರಲ್ಲಿ ಅಲೆಪ್ಪೊಗೆ ಬಂದ ಯೆಪ್ಪೆ, ರಾಷ್ಟ್ರಸಂಘದ ವತಿಯಿಂದ ಸ್ತ್ರೀಯರ ಮತ್ತು ಮಕ್ಕಳ ರಕ್ಷಣಾಕಾರ್ಯದ ಹೊಣೆ ಹೊತ್ತರು. ಇವರ ಆಶ್ರಯಗೃಹದಲ್ಲಿ ಬಂದವರ ಹೆಸರು, ಊರು, ಅನುಭವಗಳನ್ನು ಭಾವಚಿತ್ರದೊಡನೆ ದಾಖಲಿಸಿ, ಬಂಧುಗಳನ್ನು ಹುಡುಕಲಾಗುತ್ತಿತ್ತು. ಊಟ, ವಸತಿ, ಆರೈಕೆಯ ಜೊತೆಗೆ ಅಕ್ಷರಾಭ್ಯಾಸ ಹಾಗೂ ಕಸೂತಿಯಂತಹ ಕೈಕಸುಬುಗಳ ತರಬೇತಿಯೂ ದೊರೆಯುತ್ತಿತ್ತು. ಸುಮಾರು 1,700 ಮಂದಿ ಇಲ್ಲಿ ಆಶ್ರಯ ಪಡೆದರು.

ದೇಹದ ಗಾಯ ಮಾಯ್ದರೂ ಕಷ್ಟ ಮುಗಿಯುತ್ತಿರಲಿಲ್ಲ. ಅನೇಕರ ಮುಖ, ಕೈಗಳ ಮೇಲೆ ಬಂಧನದ ಕಾಲದಲ್ಲಿ ಹಾಕಿದ ಹಚ್ಚೆಯಿದ್ದು, ಅದು ಕಳಂಕದ ಗುರುತೆನಿಸಿತ್ತು. ಅಪಹರಿಸಿದವರಿಂದ ಮಕ್ಕಳನ್ನು ಪಡೆದ ತಾಯಂದಿರಿಗೆ, ಹೊರಟುಬರುವುದೆಂದರೆ ಕೆಲವೊಮ್ಮೆ ಮಕ್ಕಳನ್ನೇ ತೊರೆಯುವುದಾಗಿತ್ತು. ಆದುದರಿಂದಲೇ ಸ್ವಾವಲಂಬನೆಗೆ ಯೆಪ್ಪೆ ಒತ್ತು ನೀಡಿದರು. ಬೆದೂಯಿನ್ ಮುಖಂಡರೊಬ್ಬರ ಸಹಕಾರದಿಂದ ನಿರಾಶ್ರಿತರಿಗಾಗಿ ಕೃಷಿಗ್ರಾಮಗಳನ್ನೂ ನೆಲೆಗೊಳಿಸಿದರು.

ಕೊನೆಯ ದಿನಗಳು

1927ರಲ್ಲಿ ರಾಷ್ಟ್ರಸಂಘದ ನೆರವು ನಿಂತ ಮೇಲೂ ದಾನಿಗಳ ಸಹಾಯದಿಂದ ಕಾರ್ಯವನ್ನು ಮುಂದುವರಿಸಿದರು. 1935ರಲ್ಲಿ ಅಲೆಪ್ಪೊದಲ್ಲಿ ನಿಧನರಾದ ಇವರನ್ನು ಅಲ್ಲಿಯೇ ಸಮಾಧಿ ಮಾಡಲಾಯಿತು. ಆಶ್ರಯಗೃಹದ ನೋಂದಣಿ ಪುಸ್ತಕಗಳು ಜಿನೀವಾದ ರಾಷ್ಟ್ರಸಂಘದ ದಾಖಲೆಗಳಲ್ಲಿ ಸುರಕ್ಷಿತವಾಗಿದ್ದು, ಬದುಕುಳಿದ ಸ್ತ್ರೀಯರ ಮತ್ತು ಮಕ್ಕಳ ಅನುಭವಗಳನ್ನು ತಿಳಿಯಲು ಮುಖ್ಯ ಆಕರಗಳಾಗಿವೆ.