ಕಾಲು ಕಳೆದುಕೊಂಡ ಮಕ್ಕಳಿಗೆ ಕಾಲ್ಚೆಂಡು ಕೊಟ್ಟ ಕವಿ

ಮಳೆ ಹಿಡಿಯಿತೆಂದರೆ ನವಲಗುಂದ ತಾಲೂಕಿನ ಮೊರಬದಂತಹ ಎರೆಸೀಮೆಯ ಊರುಗಳಲ್ಲಿ ಮೈದಾನದ ಆಟ ನಿಂತುಬಿಡುತ್ತದೆ. ಕಪ್ಪು ಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಕೀಳಗೊಡುವುದಿಲ್ಲ. ಆಗ ಮಕ್ಕಳಿಗೆ ಪಡಸಾಲೆಯ ಕೇರಂ, ಚೌಕಾಬಾರಗಳೇ ಗತಿ. ಆದರೆ ಮಳೆ ನಿಂತ ಮೇಲೂ ಮೈದಾನಕ್ಕೆ ಮರಳಲಾರದ ಮಕ್ಕಳಿಗಾಗಿ ಒಂದು ಆಟವನ್ನು ರೂಪಿಸಿದವರು ಸ್ಪೇನ್ ದೇಶದ ಕವಿ ಅಲೆಹಾಂದ್ರೊ ಫಿನಿಸ್ತೆರೆ. ಆ ಆಟವೇ ಟೇಬಲ್ ಫುಟ್‌ಬಾಲ್.

ಅವರ ನಿಜನಾಮ ಅಲೆಹಾಂದ್ರೊ ಕಾಂಪೋಸ್ ರಾಮಿರೆಸ್. 1919ರಲ್ಲಿ ಗಲೀಸಿಯಾ ಪ್ರಾಂತದ ಕಡಲಂಚಿನ ಫಿನಿಸ್ತೆರೆಯಲ್ಲಿ ಜನಿಸಿದರು. ನಮ್ಮ ಭಾಗದಲ್ಲಿ ಊರೇ ಅಡ್ಡಹೆಸರಾಗುವಂತೆ ಅವರಿಗೂ ಹುಟ್ಟೂರೇ ಕಾವ್ಯನಾಮವಾಯಿತು. ಓದಲೆಂದು ಮ್ಯಾಡ್ರಿಡ್ ನಗರಕ್ಕೆ ಬಂದರು. ತಂದೆಯ ವ್ಯಾಪಾರ ಮುರಿದುಬಿದ್ದಾಗ ಗೌಂಡಿಗಳ ಕೈಕೆಳಗೆ, ಮುದ್ರಣಾಲಯದಲ್ಲಿ ದುಡಿದರು.

1936ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಮ್ಯಾಡ್ರಿಡ್ ಮೇಲೆ ಬಾಂಬುಗಳು ಸುರಿದಾಗ ಹದಿನೇಳರ ಈ ತರುಣ ಅವಶೇಷಗಳಡಿ ಸಿಲುಕಿ ತೀವ್ರವಾಗಿ ಗಾಯಗೊಂಡರು. ಕತಲೂನ್ಯದ ಮೊಂತ್ಸೆರಾತ್ ಬಳಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವಾಗ ಅಂಗಹೀನರಾದ ಮಕ್ಕಳನ್ನು ಕಂಡರು. ಟೇಬಲ್ ಟೆನಿಸ್ ಇರುವಾಗ ಮೇಜಿನ ಮೇಲೆ ಫುಟ್‌ಬಾಲ್ ಏಕಿರಬಾರದು ಎಂಬ ಆಲೋಚನೆ ಅಲ್ಲಿ ಮೊಳೆಯಿತು. ಅವರ ಕಲ್ಪನೆಗೆ ಮರದಲ್ಲಿ ರೂಪ ಕೊಟ್ಟವರು ಬಾಸ್ಕ್ ಬಡಗಿ ಫ್ರಾನ್ಸಿಸ್ಕೊ ಹಾವಿಯೆರ್ ಅಲ್ತೂನಾ. 1937ರಲ್ಲಿ ಬಾರ್ಸಿಲೋನಾದಲ್ಲಿ ಪೇಟೆಂಟ್ ದಾಖಲಾಯಿತು. ಲಂಡನ್ನಿನ ಹೆರಾಲ್ಡ್ ಥಾರ್ನ್‌ಟನ್ ಇಂಥದೇ ಆಟಕ್ಕೆ 1923ರಲ್ಲೇ ಪೇಟೆಂಟ್ ಪಡೆದಿದ್ದರೂ, ಸ್ಪೇನಿನ ಜನ ಇಂದಿಗೂ ಸ್ಮರಿಸುವುದು ಫಿನಿಸ್ತೆರೆ ಅವರನ್ನೇ.

ಸ್ಪೇನಿನ ಮೇಜಿನ ಗೊಂಬೆಗಳಿಗೆ ಎರಡು ಕಾಲುಗಳು ಬಿಡಿಬಿಡಿಯಾಗಿರುತ್ತವೆ. ಗುರಿಯಿಟ್ಟು ಹೊಡೆಯುವ ಅಭ್ಯಾಸ ಶುರುವಾಗುವುದು ಚೆಂಡನ್ನು ಗೊಂಬೆಯ ಪಾದದಡಿ ಮೆಟ್ಟಿ ನಿಲ್ಲಿಸುವುದರಿಂದ. ಬಳಿಕ ಸರಳನ್ನು ತುಸು ಪಕ್ಕಕ್ಕೆ ಸರಿಸಿ, ಎದುರಾಳಿಯ ಗೋಲಿ ಕದಲಿದ ಕ್ಷಣದಲ್ಲಿ ಮಣಿಕಟ್ಟನ್ನು ಚಿಮ್ಮಿಸಬೇಕು. ತೋಳಿನ ಬಲಕ್ಕೆ ಇಲ್ಲಿ ಬೆಲೆಯಿಲ್ಲ. ಸರಳನ್ನು ಗರಗರನೆ ತಿರುಗಿಸುವುದು ಅಂತರರಾಷ್ಟ್ರೀಯ ನಿಯಮದ ಪ್ರಕಾರ ತಪ್ಪು. ಕಾಲಿನ ಆಟವನ್ನು ಕೈಗೆ ಒಪ್ಪಿಸಿದ ಈ ಕುಶಲತೆಯೇ ಆಸ್ಪತ್ರೆಯ ಮಕ್ಕಳನ್ನು ಮತ್ತೆ ಆಟಗಾರರನ್ನಾಗಿಸಿತು.

ಯುದ್ಧದಲ್ಲಿ ಗಣತಂತ್ರವಾದಿಗಳು ಸೋತಾಗ ಫಿನಿಸ್ತೆರೆ ಪಿರಿನೀಸ್ ಪರ್ವತ ದಾಟಿ ಫ್ರಾನ್ಸಿಗೆ ಪಲಾಯನಗೈದರು. ಪೇಟೆಂಟಿನ ಕಾಗದಗಳು ದಾರಿಯ ಮಳೆಗೆ ತೊಯ್ದು ಹಾಳಾದವೆಂದು ಅವರು ಹೇಳಿಕೊಂಡಿದ್ದಾರೆ. ಮುಂದೆ ಸ್ಪೇನಿನ ಪಾನಗೃಹಗಳಲ್ಲಿ ಆಟ ಮನೆಮಾತಾಯಿತು, ಮೇಜು ತಯಾರಿಸಿದವರಿಗೆ ಹಣ ಹರಿದುಬಂತು. ಅದನ್ನು ರೂಪಿಸಿದಾತ ಮಾತ್ರ ಈಕ್ವೆಡಾರ್, ಗ್ವಾಟೆಮಾಲಾ, ಮೆಕ್ಸಿಕೊಗಳಲ್ಲಿ ದೇಶಭ್ರಷ್ಟರಾಗಿ ಅಲೆದರು. 1954ರ ಕ್ಷಿಪ್ರಕ್ರಾಂತಿ ಗ್ವಾಟೆಮಾಲಾದ ನೆಲೆಯನ್ನೂ ಕಿತ್ತುಕೊಂಡಿತು. ಮೆಕ್ಸಿಕೊದಲ್ಲಿ ಪ್ರಕಾಶಕರಾಗಿ, ತಮ್ಮಂತೆಯೇ ನೆಲೆ ತಪ್ಪಿದ ಕವಿ ಲಿಯೋನ್ ಫೆಲಿಪೆಯವರ ಕೃತಿಗಳನ್ನು ಕಾಪಾಡಿದರು.

ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿ ತೀರಿಕೊಂಡ ನಂತರದ ವರ್ಷಗಳಲ್ಲಿ ತಾಯ್ನಾಡಿಗೆ ಹಿಂದಿರುಗಿದ ಅವರು, 2007ರ ಫೆಬ್ರವರಿ 9ರಂದು ಸಮೋರಾ ನಗರದಲ್ಲಿ ನಿಧನರಾದರು. ಪ್ರಕಟಿಸಿದ ಕವಿತೆಗಳನ್ನು ಓದಿದವರು ಕೆಲವರೇ ಇರಬಹುದು. ಆದರೆ ಅವರು ಕಲ್ಪಿಸಿದ ಮೇಜಿನ ಸುತ್ತ ನಿಂತು ಸರಳು ಹಿಡಿದ ಕೈಗಳಿಗೆ ಲೆಕ್ಕವಿಲ್ಲ.