ದೊಡ್ಡ ಸ್ವಾಮಿಯವರು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂಬುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಅಲ್ಲಿಯ ಬೀದಿಗಳಲ್ಲಿ ಉಳಿಯ ಸದ್ದು ಕೇಳುತ್ತಿರುವುದು. ಕಲ್ಲಿನಲ್ಲಿ ಮೂಡಿದ ದೇವತಾಮೂರ್ತಿಗಳು ದೂರದೂರದ ಗುಡಿಗಳಿಗೆ ಹೋಗುವುವು. ಇಂತಹ ಊರಿನಲ್ಲಿ ಕಥೋಲಿಕ ಕುಟುಂಬವೊಂದು ಬಾಳುವುದಾದರೆ ಅದರ ಸ್ಥಿತಿ ಹೇಗಿದ್ದೀತೆಂದು ನಾವು ಆಗಾಗ ಆಲೋಚಿಸಿದ್ದುಂಟು. ನೆರೆಯವರ ನುಡಿಯೇ ಅದರ ನುಡಿ, ಅವರ ಊಟವೇ ಅದರ ಊಟ. ಆದರೆ ಹಬ್ಬದ ದಿನ ಬಂದಿತೆಂದರೆ ಅದು ಹೊಸ್ತಿಲಿನಾಚೆ ನಿಲ್ಲಬೇಕು. ಎಲ್ಲಿಯವರೆಗೆ ನೆರೆಯವರಂತಿರಬಹುದು, ಎಲ್ಲಿ ಬೇರೆಯಾಗಬೇಕು? ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಮದುವೆಯಾಗಿ ಪರಊರಿಗೆ ಹೋದ ಮೇಲೆ ಈ ಪ್ರಶ್ನೆಯನ್ನು ಒಬ್ಬರೇ ಎದುರಿಸುವರು. ಇದೇ ಮೈಸೂರು ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆ ಇದನ್ನೇ ಎದುರಿಸಿದ ಅಬ್ಬೆ ದುಬ್ವಾ ಎಂಬ ಪಾದ್ರಿಗಳ ಚರಿತ್ರೆಯನ್ನು ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇವೆ.

ಅಬ್ಬೆ ಎಂಬುದು ಫ್ರಾನ್ಸಿನಲ್ಲಿ ಗುರುಗಳಿಗೆ ಸಲ್ಲುವ ಗೌರವದ ಹೆಸರು. ಇವರು ಆ ದೇಶದ ದಕ್ಷಿಣ ಭಾಗದವರು. 1792ರಲ್ಲಿ ಗುರುಪಟ್ಟವನ್ನು ಪಡೆದು ಅದೇ ವರ್ಷ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಮೂಲಕ ಹಿಂದೂ ದೇಶಕ್ಕೆ ಹೊರಟರು. ಅಲ್ಲಿ ಆಗ ಮಹಾಕ್ರಾಂತಿಯು ನಡೆಯುತ್ತಿದ್ದು, ಗುರುಗಳ ಪ್ರಾಣಕ್ಕೆ ಅಪಾಯವಿದ್ದಿತು. ಇಲ್ಲಿ ಮೊದಲು ತಮಿಳು ಸೀಮೆಯಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕರ್ನಲ್ ವೆಲ್ಲೆಸ್ಲಿಯ ಸೂಚನೆಯಂತೆ ಮೈಸೂರು ಸೀಮೆಗೆ ಬಂದರು.

ಅವರು ಕಂಡದ್ದು ಚದುರಿಹೋದ ಮಂದೆಯನ್ನು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ್ದನು. ಅವರಲ್ಲಿ ಬಹುಮಂದಿ ಬಲಾತ್ಕಾರದಿಂದ ಮತಾಂತರ ಹೊಂದಿದ್ದರು. ಹಿಂದಿರುಗಿ ಬರಬಯಸಿದವರನ್ನು ಪಾದ್ರಿಗಳು ಸಭೆಗೆ ಸೇರಿಸಿಕೊಂಡರು. ಆದರೆ ಆ ಕಷ್ಟಕಾಲದಲ್ಲಿ ವಿಶ್ವಾಸಕ್ಕಾಗಿ ಪ್ರಾಣಕೊಡಲು ಒಬ್ಬನಿಗಾದರೂ ಧೈರ್ಯ ಬರಲಿಲ್ಲವೆಂದು ಮುಂದೆ ಕಠಿಣವಾಗಿ ಬರೆದರು. ಈ ಮಾತು ನಮಗೆ ಒಪ್ಪಿಗೆಯಾಗದು. ಕ್ರಾಂತಿಯ ಭಯದಿಂದ ತಾವೂ ದೇಶ ಬಿಟ್ಟು ಬಂದವರೆಂದು ಅವರೇ ಒಪ್ಪಿಕೊಂಡಿರುವರಲ್ಲವೇ? ಕತ್ತಿಯ ಎದುರಿಗೆ ನಿಂತ ತಾಯಿತಂದೆಗಳನ್ನು ದೂರದಿಂದ ತೂಗುವುದು ಸುಲಭ.

ಇನ್ನು ಅವರ ಜೀವನಕ್ರಮವನ್ನು ಹೇಳಬೇಕು. ಬಿಳಿಯ ನಿಲುವಂಗಿಯನ್ನೂ ರುಮಾಲನ್ನೂ ಧರಿಸಿ, ನಾಡಿನವರ ಊಟವನ್ನೇ ಉಂಡು, ಐರೋಪ್ಯರ ಸಹವಾಸವನ್ನು ಬಹುಮಟ್ಟಿಗೆ ತೊರೆದು ಇದ್ದರು. ಕ್ರೈಸ್ತರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದರು. ಬಡ ಕ್ರೈಸ್ತರಿಗೆ ಉಳುಮೆಯ ನೆಲವಿರಲೆಂದು ಒಕ್ಕಲುತನದ ನೆಲೆಗಳನ್ನು ಏರ್ಪಡಿಸಿದರು. ಹಾಸನದ ಬಳಿಯ ಸಾತಳ್ಳಿಯ ಹೆಸರು ಅವರೊಡನೆ ಸೇರಿಕೊಂಡಿರುವುದು. ಸಿಡುಬಿನ ಬಾಧೆಯನ್ನು ತಡೆಯಲು ದೇವಿ ಹಾಕಿಸುವ ಪದ್ಧತಿಯು 1802ರಲ್ಲಿ ಈ ದೇಶಕ್ಕೆ ಬಂದಿತಷ್ಟೆ. ಜನರು ಅದಕ್ಕೆ ಅಂಜುತ್ತಿದ್ದರು. ಸಿಡುಬು ದೇವಿಯ ಮುನಿಸೆಂದು ನಂಬಿದವರ ಮಗುವಿನ ತೋಳಿಗೆ ಹಸುವಿನ ಮೈಲಿಯ ರಸವನ್ನು ಹಾಕಿಸುವುದು ಅಧಿಕಾರದ ಬಲದಿಂದ ಆಗುವ ಕೆಲಸವಲ್ಲ. 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,000ಕ್ಕೂ ಮಿಕ್ಕಿ ಜನರಿಗೆ ದೇವಿ ಹಾಕಲಾಯಿತು. ತಮ್ಮಂತೆಯೇ ಉಡುವ, ಉಣ್ಣುವ ಮನುಷ್ಯನೆಂಬ ನಂಬಿಕೆಯಿಲ್ಲದಿದ್ದರೆ ಅಷ್ಟು ಜನ ತೋಳು ಚಾಚುತ್ತಿರಲಿಲ್ಲವೆಂದು ನಮ್ಮ ಎಣಿಕೆ.

ಈ ನಡುವೆ ಹಿಂದೂ ಜನರ ನಡೆನುಡಿಗಳ ಮೇಲೆ ಒಂದು ದೊಡ್ಡ ಗ್ರಂಥವನ್ನು ಬರೆದರು. ಮೈಸೂರಿನ ರೆಸಿಡೆಂಟರಾದ ವಿಲ್ಕ್ಸ್ ಅವರ ಮುಖಾಂತರ ಈಸ್ಟ್ ಇಂಡಿಯಾ ಕಂಪೆನಿಯವರು ಅದರ ಹಸ್ತಪ್ರತಿಯನ್ನು 1807ರಲ್ಲಿ 2,000 ವರಹಗಳಿಗೆ ಕೊಂಡರು. 1816ರಲ್ಲಿ ಅದರ ಇಂಗ್ಲಿಷ್ ಅನುವಾದವು ಲಂಡನ್ನಿನಲ್ಲಿ ಅಚ್ಚಾಯಿತು. ಇದರಲ್ಲಿ ಬಹುಭಾಗವು ಕೂರ್ಡೂ ಎಂಬ ಹಿಂದಿನ ಜೆಸುಯಿಟ್ ಪಾದ್ರಿಗಳ ಬರಹವನ್ನು ಅವಲಂಬಿಸಿದೆಯೆಂದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ಋಣವನ್ನು ಹೇಳದಿದ್ದುದು ತಪ್ಪೇ ಸರಿ. ಬ್ರಾಹ್ಮಣರ ವಿಷಯದಲ್ಲಿಯೂ ಅವರ ಲೇಖನಿ ಎಷ್ಟೋ ಕಡೆ ನ್ಯಾಯ ಮೀರಿರುವುದು. ಆದರೂ ಅದರ ಒಂದು ಸಂಗತಿಯನ್ನು ನಮ್ಮ ಶಾಲೆಯವರು ಓದದೆ ಬಿಡಬಾರದು: ಆ ಕಾಲದಲ್ಲಿ ಓದುಬರಹ ಕಲಿತ ಸ್ತ್ರೀಯರೆಂದರೆ ಗುಡಿಯ ನರ್ತಕಿಯರು ಮಾತ್ರ, ಆದ್ದರಿಂದ ಮನೆವಂತರ ಮಗಳು ಅಕ್ಷರ ಬಲ್ಲವಳೆನ್ನಿಸಿಕೊಳ್ಳುವುದೇ ಅಪಮಾನವೆಂದು ತಿಳಿಯುತ್ತಿದ್ದರಂತೆ. ಅಜ್ಜಿಯ ಕಾಲದಿಂದಲೂ ನಮ್ಮಲ್ಲಿ ಓದಿದ ಮನೆಗಳವರು ಇದನ್ನು ಮಕ್ಕಳಿಗೆ ತಿಳಿಸಲಿ.

ಮೂವತ್ತು ವರ್ಷ ಹೀಗೆ ಬಾಳಿದವರ ಕೊನೆಯ ಅಭಿಪ್ರಾಯವು ನಮಗೆ ನೋವುಂಟುಮಾಡುವಂತಹುದು. ಈ ದೇಶದಲ್ಲಿ ಕ್ರೈಸ್ತ ಮತವು ಇನ್ನು ಬೇರೂರಲಾರದು, ತಮ್ಮ ದುಡಿಮೆ ಫಲಿಸಲಿಲ್ಲವೆಂದು ಅವರು ನಿಶ್ಚಯಿಸಿದರು. 1823ರ ಜನವರಿಯಲ್ಲಿ ಹಡಗು ಹತ್ತಿದರು. ಅದೇ ವರ್ಷ ಈ ಅಭಿಪ್ರಾಯವು ಪತ್ರರೂಪದಲ್ಲಿ ಅಚ್ಚಾಯಿತು. ಪ್ರೊಟೆಸ್ಟಂಟ್ ಪಾದ್ರಿಗಳು ಉಗ್ರವಾಗಿ ಉತ್ತರ ಬರೆದರು. ಪ್ಯಾರಿಸ್ಸಿಗೆ ಹೋದ ಮೇಲೆ ಅವರು ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. ತಮ್ಮನ್ನು ಕಳುಹಿಸಿದ ಸಂಘಕ್ಕೆ ಕೆಲವು ಕಾಲ ಮುಖ್ಯಸ್ಥರೂ ಆದರು. ಹಳ್ಳಿಯ ಅಜ್ಜಿಯರು ಹೇಳುವ ನರಿಕಾಗೆಗಳ ಕಥೆಗಳೊಡನೆ ಆ ಮುದುಕರು ಚಳಿದೇಶದಲ್ಲಿ ಕುಳಿತಿದ್ದುದನ್ನು ನೆನೆದಾಗ, ಹೊರಗಿನವರು ಯಾರು, ಒಳಗಿನವರು ಯಾರೆಂದು ಹೇಳುವುದು ನಮಗೆ ಕಷ್ಟವಾಗುವುದು.

ಅವರು 1848ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ದೈವಾಧೀನರಾದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ದೇವಾಲಯವನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುವರು.